ಎರಡನೇ ಒಲೆಯ ಅರ್ಜಿ

ಮದುವೆಗೆ ಮುಂಚೆ ನಾನು ಮೈಸೂರು ಕಡೆಯ ಒಂದು ಪುರಸಭೆಯಲ್ಲಿ ಮನೆ ನಕ್ಷೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೆ. ಯಾರು ಎಷ್ಟು ಜಾಗ ಬಿಟ್ಟು ಕಟ್ಟುತ್ತಿದ್ದಾರೆ, ಯಾರ ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯುತ್ತದೆ, ಗೋಡೌನ್ ಎಂದು ಬರೆದ ಕೋಣೆಯ ಗೋಡೆಯಲ್ಲಿ ದೇವರ ಗೂಡು ಯಾಕಿದೆ, ಇದೆಲ್ಲ ನನಗೆ ನೋಡಿದ ತಕ್ಷಣ ತಿಳಿಯುತ್ತಿತ್ತು. ಜನ ನನ್ನ ಮೇಜಿನ ಮುಂದೆ ನಿಂತು ಹೇಳಿದ ಕತೆಗಳನ್ನೆಲ್ಲ ಬರೆದಿದ್ದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ಕಾದಂಬರಿಕಾರ್ತಿ ಆಗಿರುತ್ತಿದ್ದೆ. ಹೀಗಾಗಿ, ಹ್ಯೂಸ್ಟನ್ನಿನ ನೈಋತ್ಯಕ್ಕೆ, ಶುಗರ್ ಲ್ಯಾಂಡ್ ದಾಟಿ ಸ್ವಲ್ಪ ಮುಂದಿರುವ ಒಂದು ಸಣ್ಣ ಊರಿನಲ್ಲಿ ನಾವು ಸೈಟು ಕೊಂಡಾಗ, ಮನೆ ಕಟ್ಟಲು ಪರವಾನಗಿ ತರುವ ಕೆಲಸ ನನಗೆ ಬಿಡಿ ಎಂದು ಗಂಡನಿಗೆ ಹೇಳಿದೆ. ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು ಸಂತೋಷವಾಗಿ ಬಿಟ್ಟರು. ನನಗೆ ಕೊಡಲು ಅವರ ಬಳಿ ಬೇರೆ ಕೆಲಸವೂ ಇರಲಿಲ್ಲ. ನನ್ನ ವೀಸಾದಲ್ಲಿ ಸಂಬಳ ತರುವ ಕೆಲಸಕ್ಕೆ ಅನುಮತಿ ಇಲ್ಲದೆ ವರ್ಷಗಟ್ಟಲೆ ಮನೆಯಲ್ಲಿ ಕೂತು ನನ್ನ ಕೈ ಕಡಿಯುತ್ತಿತ್ತು.

ತೊಂಬತ್ತರ ದಶಕ ಆಗ ಮುಗಿಯುತ್ತಿತ್ತು. ಹಿಲ್‌ಕ್ರಾಫ್ಟ್‌ನ ದಿನಸಿ ಅಂಗಡಿಗಳಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ವರು ಇದ್ದೆವು. ನಾನು, ಗಂಡ, ಎರಡನೇ ಕ್ಲಾಸಿನ ಮಗಳು ಮತ್ತು ನನ್ನ ಅತ್ತೆ. ಮಾವ ತೀರಿಕೊಂಡು ಬಹಳ ವರ್ಷಗಳಾದ ಮೇಲೆ ಗಂಡ ತಮ್ಮ ತಾಯಿಯನ್ನು ಊರಿನಿಂದ ಕರೆಸಿಕೊಂಡಿದ್ದರು. ಅತ್ತೆ ಮಡಿಯವರು. ಬೆಳಗ್ಗೆ ಯಾರೂ ಏಳುವ ಮೊದಲು ಸ್ನಾನ ಮಾಡಿ, ಸ್ನಾನದ ಮನೆಯ ಪರದೆಯ ಸರಳಿನ ಮೇಲೆ ಒಣಗಿದ ಮಡಿಸೀರೆ ಉಟ್ಟು, ಒಲೆಯನ್ನು ಮೂರು ಸಲ ಒರೆಸಿ, ತಮ್ಮೊಬ್ಬರಿಗೆ ಅನ್ನ ಸಾರು ಮಾಡಿ ಮುಚ್ಚಿಡುತ್ತಿದ್ದರು. ಅದು ಕರೆಂಟಿನ ಒಲೆ. ಅದರಲ್ಲಿ ಬೆಂಕಿ ಎಲ್ಲಿದೆ ಅತ್ತೆ ಎಂದು ಒಮ್ಮೆ ಚೇಷ್ಟೆಗೆ ಕೇಳಿದ್ದಕ್ಕೆ, “ಕೆಂಪಗಾಗುತ್ತಲ್ಲ, ಅಷ್ಟು ಸಾಕು,” ಎಂದಿದ್ದರು. ಬೆಂಕಿಯ ವಿಷಯದಲ್ಲಿ ಉದಾರಿ, ಮೊಟ್ಟೆಯ ವಿಷಯದಲ್ಲಿ ಅಲ್ಲ. ನಾನು ಮೊಟ್ಟೆ ತಿನ್ನುವ ಮನೆಯಿಂದ ಬಂದವಳು, ಮದುವೆಯ ಮಾತುಕತೆಯಲ್ಲೇ ಅದು ಇತ್ಯರ್ಥವಾಗಿತ್ತು. ಬೆಳಗ್ಗೆ ನಾನು ಮಗಳಿಗೆ ಮೊಟ್ಟೆ ಬೇಯಿಸಿದೆನೆಂದರೆ ಮಾರನೆಯ ಬೆಳಗಿನ ತನಕ ಅತ್ತೆ ಆ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಸಂಜೆಗೆ ಅವರಿಗೆ ಮೊಸರಿನಲ್ಲಿ ನೆನೆಸಿದ ಅವಲಕ್ಕಿ, ಒಂದು ಬಾಳೆಹಣ್ಣು. ನಾವು ಮೂವರು ಬಿಸಿ ಚಪಾತಿ ತಿನ್ನುವಾಗ ಅವರು ಸೋಫಾದ ತುದಿಯಲ್ಲಿ ಕೂತು ತಣ್ಣಗಿನ ಅವಲಕ್ಕಿ ತಿನ್ನುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಅಯ್ಯೋ ಅನಿಸುತ್ತಿತ್ತು, ಜೊತೆಗೇ ಮೈ ಉರಿಯುತ್ತಿತ್ತು.

ಒಮ್ಮೆ ಪಿಕ್‌ನಿಕ್ಕಿಗೆ ಒಯ್ಯುವ ಸಣ್ಣ ಗ್ಯಾಸ್ ಒಲೆ ತಂದು ಬಾಲ್ಕನಿಯಲ್ಲಿಟ್ಟು ಮೊಟ್ಟೆಯನ್ನು ಅಲ್ಲಿ ಬೇಯಿಸತೊಡಗಿದೆ. ವಾರ ಕಳೆಯುವುದರೊಳಗೆ ಅಪಾರ್ಟ್‌ಮೆಂಟಿನ ಆಫೀಸಿನಿಂದ ಬಾಗಿಲಿಗೆ ಚೀಟಿ ಬಂತು. ಬಾಲ್ಕನಿಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಮೊಟ್ಟೆ ಮತ್ತೆ ಒಳಗೆ ಬಂತು, ಅತ್ತೆ ಮತ್ತೆ ಸೋಫಾದ ತುದಿಗೆ ಹೋದರು.

ಮನೆ ಕಟ್ಟುವ ಮಾತು ಬಂದಾಗ ನಾನು ಮೊದಲು ಎಳೆದ ಗೆರೆಯೇ ಅತ್ತೆಯ ಅಡಿಗೆಮನೆಯದು. ಹಾಲ್, ಬೆಡ್‌ರೂಮು ಎಲ್ಲ ಆಮೇಲೆ. ಮನೆಯ ಹಿಂಭಾಗದಲ್ಲಿ, ದೇವರ ಕೋಣೆಗೆ ಅಂಟಿಕೊಂಡು, ಒಂದು ಒಲೆ, ಒಂದು ಸಿಂಕು, ಪೂರ್ವಕ್ಕೆ ಕಿಟಕಿ. ಮಡಿಯಿಂದ ಹೊರಗೆ ಬರದೆ ದಿನವಿಡೀ ಬೇಕಾದ್ದು ಮಾಡಿಕೊಳ್ಳಬಹುದು, ಸಂಜೆ ಬಿಸಿಯಾಗಿ ಏನಾದರೂ ತಿನ್ನಬಹುದು. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಅವರನ್ನು ಕರೆದೆ.

“ಅತ್ತೆ, ಇದು ನಿಮ್ಮದು. ನಿಮ್ಮ ಒಲೆ, ನಿಮ್ಮ ಸಿಂಕು. ನಾವ್ಯಾರೂ ಮುಟ್ಟಲ್ಲ.”

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಬಾಗಿಲು ಇದೆಯಾ?”

“ಇದೆ. ಬೇಕಾದಾಗ ಮುಚ್ಕೋಬಹುದು.”

“ಹೂಂ,” ಎಂದರು. “ನೀವು ಹೇಗೆ ಮಾಡಿದ್ರೆ ಹಾಗೆ.”

ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ. ಪುರಸಭೆಯಲ್ಲಾದರೆ ಅಕ್ಕಪಕ್ಕದವರು ಅಷ್ಟು ಹೇಳಿದರೂ ತಕರಾರಿಲ್ಲ ಎಂದು ಬರೆದುಕೊಂಡು ಮುಂದಿನ ಅರ್ಜಿ ಎತ್ತಿಕೊಳ್ಳುತ್ತಿದ್ದೆವು.

ಆ ಸಣ್ಣ ಊರಿನ ಪರವಾನಗಿ ಕಚೇರಿ ಅಗ್ನಿಶಾಮಕ ಠಾಣೆಯ ಪಕ್ಕದಲ್ಲಿತ್ತು. ಕೌಂಟರಿನ ಮೇಲೆ ಒಂದು ಬಟ್ಟಲು ಪೆಪ್ಪರ್‌ಮಿಂಟು. ಅದನ್ನು ಬಿಟ್ಟರೆ ಅಲ್ಲಿ ಕೊಡುವ ತೆಗೆದುಕೊಳ್ಳುವ ವ್ಯವಹಾರ ಇರಲಿಲ್ಲ. ನಕ್ಷೆ ನೋಡುವ ಅಧಿಕಾರಿ ಬಿಳಿ ಮೀಸೆಯ, ದೊಡ್ಡ ಬೆಲ್ಟಿನ ಮನುಷ್ಯ. ಒಂದೊಂದು ಮಾತಿಗೂ ಮುಂಚೆ ಉಸಿರೆಳೆದುಕೊಳ್ಳುವಷ್ಟು ನಿಧಾನ. ಆದರೆ ಆತ ನಕ್ಷೆ ಓದಿದ ರೀತಿ ನೋಡಿ ನನಗೆ ಗೌರವ ಬಂತು. ಅಡಿಪಾಯ, ಮಳೆನೀರು ಹೋಗುವ ದಾರಿ, ಬಿರುಗಾಳಿಗೆ ಮಾಡು ಹಾರದಂತೆ ಹಿಡಿಯುವ ಕಬ್ಬಿಣದ ಪಟ್ಟಿಗಳು, ಎಲ್ಲವನ್ನೂ ಬೆರಳಿಟ್ಟು ನೋಡಿ ತಲೆಯಾಡಿಸಿದ. ಹಿಂಭಾಗಕ್ಕೆ ಬಂದಾಗ ಬೆರಳು ನಿಂತಿತು, ಕೆಂಪು ಪೆನ್ನು ಹೊರಬಂತು.

“ಮ್ಯಾಮ್, ಇಲ್ಲಿ ಎರಡು ಅಡಿಗೆಮನೆ ಇದೆ.”

“ಹೌದು.”

“ಈ ಬಡಾವಣೆಯಲ್ಲಿ ಒಂದು ಮನೆಗೆ ಒಂದೇ ಕುಟುಂಬ.”

“ನಾವು ಒಂದೇ ಕುಟುಂಬ.”

“ಹಾಗಿದ್ದರೆ ಒಂದೇ ಒಲೆ ಸಾಕಲ್ಲ.”

ಆತ ತಾಳ್ಮೆಯಿಂದ ವಿವರಿಸಿದ. ಮನೆಯಲ್ಲಿ ಎಷ್ಟು ಜನ ಇರುತ್ತೀರಿ, ಯಾರಿಗೆ ಯಾರು ಏನಾಗಬೇಕು ಎಂದು ಊರು ಕೇಳುವುದಿಲ್ಲ. ಹತ್ತು ಜನ ಇರಿ. ಸ್ನಾನದ ಮನೆ ಆರು ಕಟ್ಟಿಕೊಳ್ಳಿ. ಆದರೆ ಗೋಡೆಗೆ ಕೂರಿಸಿದ ಎರಡನೇ ಒಲೆ ಬಂದ ಕ್ಷಣ ಅದು ಎರಡನೇ ಮನೆ, ಅದರಲ್ಲಿರುವವರು ಎರಡನೇ ಸಂಸಾರ. ನಾಳೆ ಬಾಡಿಗೆಗೆ ಕೊಡುತ್ತೀರಿ, ನಾಡಿದ್ದು ಬೀದಿ ತುಂಬ ಕಾರು. ನನಗೆ ಒಂದು ಪೆಪ್ಪರ್‌ಮಿಂಟು ಕೊಟ್ಟು ಕಳಿಸಿದ.

ಇಂಥ ಆಕ್ಷೇಪಣೆಗೆ ಏನು ಮಾಡಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೋಣೆಯ ಹೆಸರು ಬದಲಾಯಿಸಬೇಕು. ಅಡಿಗೆಮನೆ ಎಂಬುದನ್ನು ಅಳಿಸಿ ಬಟ್ಟೆ ಒಗೆಯುವ ಕೋಣೆ ಎಂದು ಬರೆದೆ. ಒಲೆಗೆ ಬೇಕಾದ ದೊಡ್ಡ ಕರೆಂಟಿನ ಪ್ಲಗ್ಗಿಗೆ ಬಟ್ಟೆ ಒಣಗಿಸುವ ಡ್ರೈಯರ್ ಎಂದು ಹೆಸರಿಟ್ಟೆ. ಗರಾಜಿನ ಪಕ್ಕದಲ್ಲಿ ಆಗಲೇ ಒಂದು ಡ್ರೈಯರ್ ಇದ್ದದ್ದರಿಂದ ಒಟ್ಟು ಎರಡಾದವು. ಹದಿನೈದು ದಿನ ಬಿಟ್ಟು, ಬೇರೆ ಬಣ್ಣದ ಸೀರೆ ಉಟ್ಟು, ಮತ್ತೆ ಕೌಂಟರಿಗೆ ಹೋದೆ.

ಆತ ಬೆರಳಿಟ್ಟು ಓದಿದ. “ಎರಡು ಡ್ರೈಯರ್?”

“ನಮ್ಮ ಮನೆಯಲ್ಲಿ ಸೀರೆ ಒಂಬತ್ತು ಗಜದ್ದು.”

“ಅಂದರೆ ಎಷ್ಟು ಅಡಿ?”

“ಇಪ್ಪತ್ತೇಳು.”

ಆತ ಸ್ವಲ್ಪ ಹೊತ್ತು ಅದನ್ನು ಮನಸ್ಸಿನಲ್ಲೇ ಒಣಹಾಕಿ ನೋಡಿದಂತೆ ಕಂಡಿತು. “ಆಗಲಿ,” ಎಂದ. “ಆದರೆ ಡ್ರೈಯರಿನ ಮೇಲೆ ಒಗ್ಗರಣೆ ಹೊಗೆ ಎಳೆಯುವ ಫ್ಯಾನು ಯಾಕಿದೆ ಮ್ಯಾಮ್?”

ಒಗ್ಗರಣೆ ಎಂಬ ಮಾತು ನನ್ನದು, ಆತ ಅಡಿಗೆ ಹೊಗೆ ಎಂದಿದ್ದ. ಫ್ಯಾನನ್ನು ಅಳಿಸಲು ನಾನು ಮರೆತಿದ್ದೆ. ದೇವರ ಗೂಡು ಅಳಿಸದೆ ನನ್ನ ಮೇಜಿಗೆ ನಕ್ಷೆ ತಂದ ಆ ಮನುಷ್ಯನ ಮುಖ ನೆನಪಾಯಿತು. ಅವನನ್ನು ನಾನು ಆವತ್ತು ಇಡೀ ಆಫೀಸಿನ ಮುಂದೆ ನಗೆಪಾಟಲು ಮಾಡಿದ್ದೆ. ಈತ ನಗಲಿಲ್ಲ. ಕೆಂಪು ಗೀಟು ಎಳೆದು ಬಟ್ಟಲನ್ನು ನನ್ನ ಕಡೆ ಸರಿಸಿದ.

“ಒಂದು ಹಾಟ್ ಪ್ಲೇಟ್ ಇಟ್ಟುಬಿಡೋಣ,” ಎಂದರು ಗಂಡ ಆವತ್ತು ಸಂಜೆ. “ಪ್ಲಗ್ಗಿಗೆ ಸಿಕ್ಕಿಸೋದಕ್ಕೆ ಯಾವ ಪರ್ಮಿಟ್ಟೂ ಬೇಡವಂತಲ್ಲ.”

“ರೀ, ಇಷ್ಟು ದೊಡ್ಡ ಮನೆ ಕಟ್ಟಿ ನಿಮ್ಮಮ್ಮನಿಗೆ ಹಾಸ್ಟೆಲ್ ಹುಡುಗರ ಒಲೆ ಕೊಡೋಣ್ವಾ? ನೋಡಿದವರು ಏನಂತಾರೆ?”

“ಯಾರು ನೋಡ್ತಾರೆ?”

“ನಾನು ನೋಡ್ತೀನಿ.”

ಅವರು ಟಿ.ವಿ. ಕಡೆ ತಿರುಗಿದರು. ಈ ಹೊತ್ತಿಗೆ ನಾನು ಪಟ್ಟು ಹಿಡಿದಿದ್ದೆ. ಊರಿನ ಕಾನೂನನ್ನು ದಿನಾ ಸಂಜೆ ಊಟದ ಮೇಜಿನ ಮುಂದೆ ಕೂರಿಸಿಕೊಂಡು ಬೈಯುವುದು ನನಗೆ ಅಭ್ಯಾಸವಾಯಿತು. “ಎರಡು ಒಲೆ ಇದ್ರೆ ಎರಡು ಸಂಸಾರವಂತೆ, ಎಂಥಾ ಮೂರ್ಖರು,” ಎನ್ನುತ್ತಿದ್ದೆ. ಅತ್ತೆ ಸೋಫಾದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವಲಕ್ಕಿಯನ್ನೂ ಈಗ ಅರ್ಧಕ್ಕೆ ಬಿಡುತ್ತಿದ್ದರು. ಒಂದು ದಿನ ಡಾಲಸ್‌ನಲ್ಲಿರುವ ನನ್ನ ನಾದಿನಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ, “ನಿಮ್ಮನೇಲಿ ನನಗೆ ಒಂದು ಮೂಲೆ ಇದೆಯೇನೇ?” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ತಕ್ಷಣ ಲೆಕ್ಕ ಹಾಕಿದೆ. ಒಲೆ ಸಿಗದೆ ಬೇಸತ್ತು ಅತ್ತೆ ನಮ್ಮನ್ನು ಬಿಟ್ಟು ಹೋಗುತ್ತಾರೆ. ಅತ್ತೆಗೆ ಒಂದು ಒಲೆ ಕೊಡಿಸುವ ಯೋಗ್ಯತೆ ಸೊಸೆಗೆ ಇರಲಿಲ್ಲ ಎಂದು ಡಾಲಸ್‌ನಿಂದ ದಾವಣಗೆರೆಯ ತನಕ ಮಾತಾಗುತ್ತದೆ. ಮಾತು ಹಾಗಿರಲಿ. ನಿಜ ಹೇಳಬೇಕೆಂದರೆ, ಬೆಳಗಿನ ಕತ್ತಲಲ್ಲಿ ಅವರ ಪಾತ್ರೆಯ ಸದ್ದು ಕೇಳದ ಮನೆಯಲ್ಲಿ ಏಳುವುದು ನನಗೆ ಬೇಕಿರಲಿಲ್ಲ. ಮಾರನೆಯ ದಿನವೇ ಮತ್ತೆ ಕೌಂಟರಿಗೆ ಹೋದೆ.

ಮೂರನೆಯ ಸಲ ಸುಳ್ಳು ಹೇಳಲಿಲ್ಲ. ಅತ್ತೆ, ಮಡಿ, ಮೊಟ್ಟೆ, ಅವಲಕ್ಕಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಬಿಳಿ ಮೀಸೆಯಾತ ಪೂರ್ತಿ ಕೇಳಿ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದ. ನಿಯಮಕ್ಕೆ ವಿನಾಯಿತಿ ಕೊಡಲು ಊರಿನ ಐದು ಜನರ ಮಂಡಳಿಯೊಂದಿದೆ, ಅವರ ಮುಂದೆ ಬಹಿರಂಗ ವಿಚಾರಣೆ ಆಗಬೇಕು, ಅವರು ಹೂಂ ಎಂದರೆ ತಾನು ನಾಳೆಯೇ ಮುದ್ರೆ ಒತ್ತುತ್ತೇನೆ ಎಂದ. ಅರ್ಜಿಗೆ ಏನೇನು ಬೇಕೋ ತಾನೇ ಗುರುತು ಮಾಡಿಕೊಟ್ಟ. ಮೂವತ್ತು ಮೈಲಿ ದೂರದಿಂದ ಮೂರು ಸಲ ಓಡಾಡಿ ಕಲಿತದ್ದು ಇಷ್ಟು. ನಿಜ ಹೇಳಿದರೆ ಕೆಲಸ ಬೇಗ ಆಗುವ ಊರುಗಳೂ ಇವೆ.

ವಿಚಾರಣೆಗೆ ಮುಂಚೆ ನಮ್ಮ ಖಾಲಿ ಸೈಟಿನಲ್ಲಿ ಊರಿನವರು ಒಂದು ಹಲಗೆ ನೆಟ್ಟರು. ಇಲ್ಲಿ ಎರಡನೇ ಅಡಿಗೆಮನೆ ಕೇಳಿದ್ದಾರೆ, ಆಕ್ಷೇಪಣೆ ಇದ್ದವರು ಬನ್ನಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ನಾನು ಹಲಗೆ ನೋಡಲು ಹೋದಾಗ ಪಕ್ಕದ ಮನೆಯ ನಿವೃತ್ತ ಮುದುಕರು ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತೇ ಬಂದು ಎಂಜಿನ್ ನಿಲ್ಲಿಸಿದರು.

“ಹೋಟೆಲ್ ತೆರೀತೀರಾ?”

“ಇಲ್ಲ. ನಮ್ಮತ್ತೆಗೆ ಅಡಿಗೆ ಮಾಡಿಕೊಳ್ಳೋಕೆ.”

“ಎಷ್ಟು ಜನಕ್ಕೆ?”

“ಒಬ್ಬರಿಗೆ.”

ಅವರು ನನ್ನನ್ನೇ ನೋಡುತ್ತಾ ಎಂಜಿನ್ ಮತ್ತೆ ಶುರು ಮಾಡಿದರು. ವಿಚಾರಣೆಗೆ ಬರುತ್ತೇನೆ ಎಂದು ಆ ಗದ್ದಲದ ನಡುವೆ ಕೂಗಿ ಹೇಳಿದರು.

ವಿಚಾರಣೆಯ ಸಂಜೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಅವರನ್ನು ನೋಡಿದರೆ ಮಂಡಳಿಗೆ ನಂಬಿಕೆ ಬರುತ್ತದೆ ಎಂಬ ಲೆಕ್ಕ ನನ್ನದು. ತಿಳಿ ಬಣ್ಣದ ಒಂಬತ್ತು ಗಜದ ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳು ಆರಿಸಿಕೊಟ್ಟ ಬಿಳಿ ಸ್ಪೋರ್ಟ್ಸ್ ಶೂ. ಪುರಭವನದಲ್ಲಿ ಎಲ್ಲರೂ ಎದ್ದು ನಿಂತು ಬಾವುಟಕ್ಕೆ ಪ್ರತಿಜ್ಞೆ ಹೇಳಿದಾಗ ಅತ್ತೆಯೂ ಎದ್ದು, ಬೇರೆಯವರನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ನಮಗಿಂತ ಮುಂಚೆ ಒಬ್ಬ ತನ್ನ ದೋಣಿಗೆ ಶೆಡ್ಡು ಕಟ್ಟಲು ಅನುಮತಿ ಕೇಳಿದ. ನೀರು ಎಲ್ಲಿದೆ ಎಂದು ಯಾರೂ ಕೇಳದೆ ಅನುಮತಿ ಕೊಟ್ಟರು. ನನಗೆ ಧೈರ್ಯ ಬಂತು.

ನಾನು ಎದ್ದು ಹೇಳಿದೆ. ಚೆನ್ನಾಗಿಯೇ ಹೇಳಿದೆ. ಮಡಿ ಎಂದರೇನು ಎಂದು ವಿವರಿಸುವುದು ಎರಡು ವಾಕ್ಯಕ್ಕೆ ಮುಗಿಯಲಿಲ್ಲ, ಐದಾರು ಬೇಕಾದವು. ಯಹೂದಿಗಳ ಅಡಿಗೆಯ ಕಟ್ಟುನಿಟ್ಟಿನ ಹಾಗೆಯೇ ಎಂದು ಒಬ್ಬ ಸದಸ್ಯ ಕೇಳಿದ, ಹೆಚ್ಚುಕಮ್ಮಿ ಹಾಗೆಯೇ ಎಂದೆ. ಇನ್ನೊಬ್ಬ ತನ್ನ ಅಜ್ಜಿಯ ಮನೆಯಲ್ಲಿ ಬೇಸಿಗೆಗೆಂದೇ ಹೊರಗೆ ಒಂದು ಅಡಿಗೆಮನೆ ಇತ್ತೆಂದು ನೆನೆದು ಅದರ ವಾಸನೆಯನ್ನೂ ವರ್ಣಿಸಿದ. ಪಕ್ಕದ ಮನೆಯ ಮುದುಕರು ಎದ್ದು ಒಂದೇ ಪ್ರಶ್ನೆ ಕೇಳಿದರು.

“ಆ ಅಜ್ಜಿಗೆ ಕಾರು ಇದೆಯೇ?”

“ಇಲ್ಲ.”

“ಹಾಗಿದ್ದರೆ ನನ್ನ ಅಭ್ಯಂತರ ಇಲ್ಲ,” ಎಂದು ಕೂತರು.

ಮತ ಹಾಕುವುದಷ್ಟೇ ಬಾಕಿ. ನಾನು ಗಂಡನ ಕಡೆ ನೋಡಿ ಹುಬ್ಬು ಹಾರಿಸಿದೆ. ಆಗ ಅಧ್ಯಕ್ಷೆ, ಬೆಳ್ಳಿ ಕೂದಲಿನ ಹೆಂಗಸು, ಕನ್ನಡಕ ತೆಗೆದು ಅತ್ತೆಯ ಕಡೆ ನೋಡಿದರು. “ಒಲೆ ಇವರಿಗಲ್ಲವೇ? ಇವರಿಗೆ ಇದು ಬೇಕೇ? ಅದನ್ನು ಇವರ ಬಾಯಿಂದಲೇ ಕೇಳಬೇಕು.”

ಗಂಡ ಬಗ್ಗಿ ಪಿಸುಗುಟ್ಟಿದರು. “ಅಮ್ಮ, ನಿನಗೆ ಬೇರೆ ಒಲೆ ಬೇಕಾ ಅಂತ ಕೇಳ್ತಿದಾರೆ. ಹೂಂ ಅನ್ನು.”

“ಕೇಳ್ತಿರೋದು ಅವರೋ, ನೀನೋ?”

“ಅವರು.”

ಅತ್ತೆ ಎದ್ದರು. ಸೆರಗು ಸರಿಮಾಡಿಕೊಂಡು ಮೈಕಿನ ತನಕ ನಡೆದರು. ಹಿಂದೆಯೇ ಗಂಡ ಹೋಗಿ ಪಕ್ಕದಲ್ಲಿ ನಿಂತರು. ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ಅವರು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸಬೇಕಿತ್ತು.

“ಬೇಡ ತಾಯಿ,” ಎಂದರು ಅತ್ತೆ.

ಗಂಡ ತಿರುಗಿಸಲಿಲ್ಲ. ಅತ್ತೆ ಅವರ ಮುಖ ನೋಡಿದರು. ಅವರು ತಿರುಗಿಸಿದರು.

“ಇವನಪ್ಪ ಹೋದ ಮೇಲೆ ನಮ್ಮನೇಲಿ ನನಗೆ ಒಲೆ ಬೇರೆ ಮಾಡಿಕೊಟ್ರು. ಹಿತ್ತಲಲ್ಲಿ, ಕೊಟ್ಟಿಗೆ ಪಕ್ಕ. ನನ್ನ ಮೈದುನಂದಿರು ಕೆಟ್ಟವರಲ್ಲ. ‘ಅತ್ತಿಗೆ, ನಿಮ್ಮ ಮಡಿಗೆ ಅನುಕೂಲ’ ಅಂತಲೇ ಮಾಡಿಸಿದ್ರು. ಒಳ್ಳೆ ಒಲೆ. ಬಾಗಿಲೂ ಇತ್ತು. ಮೊದಮೊದಲು ಮನೆ ಮಕ್ಕಳು ಬಂದು ಇಣುಕೋರು, ಒಂದು ತುತ್ತು ಕೇಳೋರು. ಆಮೇಲೆ ಅದೂ ನಿಂತಿತು. ಊಟಕ್ಕೆ ಏಳಿ ಅಂತ ಕರೆಯೋರು ಇಲ್ಲ. ನಾನು ಊಟ ಮಾಡಿದ್ನೋ ಬಿಟ್ನೋ ಕೇಳೋರು ಇಲ್ಲ. ಇವನು ಹಾಸ್ಟೆಲಲ್ಲಿದ್ದ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಕಲಿಯೋಕೇ ನನಗೆ ಬಹಳ ದಿನ ಹಿಡೀತು.”

ಹಾಸ್ಟೆಲಿನ ಮಾತಿಗೆ ಬಂದಾಗ ಗಂಡ ಮೈಕಿನಿಂದ ಹಿಂದೆ ಸರಿದರು. ರಜೆಯಲ್ಲಿ ಬಂದಾಗಲೆಲ್ಲ ಅವರು ಆ ಹಿತ್ತಲ ಒಲೆಯ ಮುಂದೆ ಕೂತು ಉಂಡವರು. ಅಮ್ಮನ ಕೈಯಡಿಗೆಗೆ ಬೇರೆ ರುಚಿ ಎಂದು ನನ್ನ ಮುಂದೆ ಎಷ್ಟೋ ಸಲ ಹೊಗಳಿದವರು. ಉಳಿದದ್ದನ್ನು ತಿರುಗಿಸಲು ನಾನು ಎದ್ದು ಹೋದೆ. ಅಕ್ಕಿಯ ವಾಕ್ಯ ನನ್ನ ಪಾಲಿಗೇ ಬಂತು. ಅದನ್ನು ಹೇಳುವಾಗ ನನ್ನ ಇಂಗ್ಲಿಷು ಕೈಕೊಟ್ಟಿತು, ಎರಡು ಸಲ ಹೇಳಬೇಕಾಯಿತು.

“ನಮ್ಮ ಕಡೆ ಒಲೆ ಬೇರೆ ಆಯ್ತು ಅಂದ್ರೆ ಮನೆ ಬೇರೆ ಆಯ್ತು ಅಂತಲೇ ಲೆಕ್ಕ,” ಎಂದರು ಅತ್ತೆ. “ನಿಮ್ಮೂರಿನ ಕಾನೂನೂ ಅದೇ ಹೇಳುತ್ತಂತೆ. ಇವಳು ದಿನಾ ಮನೇಲಿ ಬೈತಿದ್ಲು. ಬೈಬಾರದು. ಕಾನೂನು ಸರಿಯಾಗೇ ಇದೆ.”

ಇದನ್ನೂ ನಾನೇ ತಿರುಗಿಸಬೇಕಾಯಿತು, ನನ್ನ ಬೈಗುಳದ ಭಾಗವನ್ನೂ ಸೇರಿಸಿ. ಪಕ್ಕದ ಮನೆಯ ಮುದುಕರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಧ್ಯಕ್ಷೆ ಕನ್ನಡಕ ಹಾಕಿಕೊಂಡು, ಅರ್ಜಿದಾರರು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಗುಮಾಸ್ತೆ ಬರೆದುಕೊಂಡಳು. ಮುಂದಿನ ವಿಷಯ ಯಾರದೋ ಬೇಲಿಯ ಎತ್ತರದ್ದಾಗಿತ್ತು.

ಕಾರು ಹತ್ತಿದೆವು. ನನಗೆ ಅಳು ಬರುವ ಹಾಗಿತ್ತು, ಆದರೆ ಬಾಯಿಗೆ ಬಂದದ್ದು ಸಿಟ್ಟು.

“ಮೊದಲೇ ಹೇಳಬಾರದಿತ್ತಾ ಅತ್ತೆ? ನಾಲ್ಕು ತಿಂಗಳಿಂದ ನಿಮಗೋಸ್ಕರ ಅಲೆದಿದ್ದೀನಿ. ಐದು ಜನರ ಮುಂದೆ, ಪಕ್ಕದ ಮನೆಯವರ ಮುಂದೆ ಹೀಗಾ ಹೇಳೋದು?”

“ನೀವು ನಕ್ಷೆ ತೋರಿಸಿದ್ರಿ,” ಎಂದರು ಅವರು ಹಿಂದಿನ ಸೀಟಿನಿಂದ. ದನಿಯಲ್ಲಿ ದೂರು ಇರಲಿಲ್ಲ. “ಇದು ನಿಮ್ಮದು ಅಂತ ಹೇಳಿದ್ರಿ. ಬೇಕಾ ಅಂತ ಆಯಮ್ಮ ಕೇಳಿದ್ಲು.”

ಗಂಡ ಹೆದ್ದಾರಿಯಿಂದ ನಾವು ಇಳಿಯಬೇಕಾದ ಎಕ್ಸಿಟ್ಟನ್ನು ದಾಟಿ ಹೋಗಿಬಿಟ್ಟರು. ತಿರುಗಿ ಬರಲು ಇನ್ನೂ ಐದಾರು ಮೈಲಿ ಹೋಗಬೇಕಾಯಿತು. ಆ ಐದಾರು ಮೈಲಿ ಪೂರ್ತಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಿದ್ದೆ. ಬೇಕಾದ ಕೋಣೆಯ ಉದ್ದ ಅಗಲ ಗೊತ್ತಿತ್ತು, ಕಿಟಕಿಯ ದಿಕ್ಕು ಗೊತ್ತಿತ್ತು, ಬಳಸುವವರಿಗೆ ಅದು ಬೇಕೋ ಬೇಡವೋ ಎಂಬುದೊಂದು ಪ್ರಶ್ನೆ ಎಂದು ನನಗೆ ಹೊಳೆದಿರಲೇ ಇಲ್ಲ. ಹಾಗೆ ಹೊಳೆಯುವುದಕ್ಕೆ ಒಂದು ಊರಿನ ಸರ್ಕಾರ ಬೇಕಾಯಿತು.

ಸೋಮವಾರ ಕೌಂಟರಿನಲ್ಲಿ ಬಿಳಿ ಮೀಸೆಯಾತ ಹೊಸ ನಕ್ಷೆ ನೋಡಿದ. ಹಿಂಭಾಗದ ಕೋಣೆ ಬಟ್ಟೆ ಒಗೆಯುವ ಕೋಣೆಯೇ ಆಗಿತ್ತು, ಈ ಸಲ ನಿಜವಾಗಿ. ಒಂದೇ ಡ್ರೈಯರ್. ಆತ ಹುಡುಕಿ ಹುಡುಕಿ ನೋಡಿದ, ಫ್ಯಾನು ಎಲ್ಲೂ ಇರಲಿಲ್ಲ. ಮುದ್ರೆ ಒತ್ತಿದ. “ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ,” ಎಂದ. ಕಾನೂನು ಸರಿಯಾಗಿದೆ ಎಂದು ತನ್ನ ಇಡೀ ಕೆಲಸದ ಅವಧಿಯಲ್ಲಿ ಮಂಡಳಿಯ ಮುಂದೆ ಬಂದು ಹೇಳಿದವರು ಅವರೊಬ್ಬರೇ ಅಂತೆ.

ಮನೆ ಎದ್ದಿತು. ಆ ಜಿಗುಟು ಕಪ್ಪು ಮಣ್ಣಿನಲ್ಲಿ ಅಡಿಪಾಯಕ್ಕೆ ಅಗೆದಾಗ ಮಳೆ ಬಂದು ಹೊಂಡ ತುಂಬಿತು, ಇಟ್ಟಿಗೆ ಬಂದದ್ದು ಬೇರೆ ಬಣ್ಣದ್ದು, ಕೊನೆಯ ತಪಾಸಣೆಗೆ ಬಂದವನು ಮೆಟ್ಟಿಲಿನ ಪಕ್ಕದ ಕಂಬಿ ಅರ್ಧ ಇಂಚು ತಗ್ಗು ಎಂದು ಹಿಂದಿರುಗಿ ಹೋದ. ಮನೆ ಕಟ್ಟಿದವರಿಗೆಲ್ಲ ಆಗುವುದು ಇದು, ಹೇಳಿ ಪ್ರಯೋಜನವಿಲ್ಲ. ಡಾಲಸ್‌ಗೆ ಹೋಗುವ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಹಾಲುಕ್ಕಿಸಿ ಒಳಗೆ ಬಂದೆವು. ಬೆಳಗ್ಗೆ ಅವರು ಮೊದಲಿನಂತೆ ಎದ್ದು ಒಲೆ ಒರೆಸಿ ತಮ್ಮ ಅಡಿಗೆ ಮುಗಿಸಿದರು, ಆಮೇಲೆ ನಾನು ಮೊಟ್ಟೆ ಬೇಯಿಸಿದೆ. ಅವಲಕ್ಕಿಯ ಡಬ್ಬಿಯೂ ಹೊಸ ಮನೆಗೆ ಬಂದಿತ್ತು.

ಆ ವಾರ ಒಂದು ಸಂಜೆ ಅವರು ಡಬ್ಬಿ ತೆಗೆಯಲು ಕೈಚಾಚಿದಾಗ ನಾನು ಕೇಳಿದೆ. ಕೇಳಲು ನನಗೆ ಸಂಕೋಚವಾಯಿತು, ಏಕೆಂದರೆ ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಇದನ್ನು ಒಮ್ಮೆಯೂ ಕೇಳಿರಲಿಲ್ಲ.

“ಅತ್ತೆ, ಸಂಜೆಗೆ ನಿಮಗೆ ಏನು ತಿನ್ನಬೇಕು ಅನ್ಸುತ್ತೆ?”

ಅವರು ಡಬ್ಬಿ ಹಿಡಿದುಕೊಂಡೇ ಯೋಚಿಸಿದರು.

“ಅಕ್ಕಿರೊಟ್ಟಿ,” ಎಂದರು.

“ಒಲೆ ತೊಳೆದುಕೊಡ್ತೀನಿ. ಹೊಸ ಕಾವಲಿ ಇದೆ, ಯಾರೂ ಮುಟ್ಟಿಲ್ಲ. ನೀವೇ ತಟ್ಟಿಕೊಳ್ಳಿ.”

ಅವರು ಡಬ್ಬಿಯನ್ನು ಕೆಳಗಿಟ್ಟು, ಊಟದ ಮೇಜಿನ ಕುರ್ಚಿ ಎಳೆದುಕೊಂಡು, ಮೊಮ್ಮಗಳ ಪಕ್ಕದಲ್ಲಿ ಕೂತರು.

“ನಾನು ತಟ್ಟಿದ್ದನ್ನ ನಾನೇ ಎಷ್ಟು ವರ್ಷ ತಿನ್ನಲಿ,” ಎಂದರು. “ನೀನು ತಟ್ಟು.”

ನಾನು ಒಲೆ ತೊಳೆದು ಹಿಟ್ಟು ಕಲಸಿದೆ. ಮೊದಲನೆಯ ರೊಟ್ಟಿ ಅಂಚಿನಲ್ಲಿ ಹರಿಯಿತು, ಅದನ್ನೇ ಅವರ ತಟ್ಟೆಗೆ ಹಾಕಿದೆ. ಬಿಸಿಗೆ ಬೆರಳು ಸುಟ್ಟುಕೊಂಡು ಮುರಿದು ತಿಂದರು. ಉಪ್ಪು ಕಮ್ಮಿ ಎಂದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, ಇನ್ನೊಂದು ಹಾಕು ಎಂದರು.